ಬಾಣಂತಿಯ ಖಿನ್ನತೆ ಮತ್ತು ಡಬ್ಬಿಯಲ್ಲಿ ಉಳಿದ ಹತ್ತು ಮಾತ್ರೆ

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕು. ನನ್ನ ತಂಗಿಗೆ 24 ವರ್ಷ. ಬಸುರಿಯಾದ ಮೂರನೇ ತಿಂಗಳಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಎಚ್‌ಐವಿ ಇದೆ ಎಂದು ಗೊತ್ತಾಯಿತು. ಆಮೇಲೆ ಅವಳ ಗಂಡನಿಗೂ ಇದೆ ಎಂದು ಬಂತು. ಅಂದಿನಿಂದ ಎಚ್‌ಐವಿಗೆ ದಿನಕ್ಕೊಂದು ಟಿಎಲ್‌ಡಿ ಮಾತ್ರೆ. ಎಂಟನೇ ತಿಂಗಳಲ್ಲಿ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ನೋಡಿದಾಗ ವೈರಸ್ ಕಾಣಲಿಲ್ಲ. ಹೆರಿಗೆ ಸಹಜವಾಗಿ ಆಯಿತು. ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ, ಮಗುವಿಗೆ ಈಗ ಎಂಟು ವಾರ. ಸೋಂಕು ತಗಲದಿರಲೆಂದು ಅದಕ್ಕೆ ಆರು ವಾರ ನೆವಿರಪಿನ್ ಸಿರಪ್ ಹಾಕಿ ನಿಲ್ಲಿಸಿದ್ದಾಯಿತು. ಮಗುವಿನ ಮೊದಲ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಒಂದು ತಿಂಗಳಿಂದ ತಂಗಿ ಮಂಕಾಗಿದ್ದಾಳೆ. ಹಾಲು ಕೊಡುವಾಗ ಬಿಟ್ಟರೆ ಮಗುವನ್ನು ಎತ್ತಿಕೊಳ್ಳುವುದಿಲ್ಲ. ಮಗು ಮಲಗಿದರೂ ಅವಳಿಗೆ ನಿದ್ದೆ ಇಲ್ಲ. "ನನ್ನ ಹಾಲಿನಿಂದ ಅದಕ್ಕೂ ಬಂದಿರುತ್ತೆ" ಅನ್ನುತ್ತಾಳೆ. "ನಾನಿಲ್ಲದಿದ್ದರೆ ಅದು ಚೆನ್ನಾಗಿರುತ್ತೆ" ಎಂದೂ ಒಮ್ಮೆ ಅಂದಳು. ಮೊನ್ನೆ ಎಣಿಸಿ ನೋಡಿದರೆ ಡಬ್ಬಿಯಲ್ಲಿ ಹತ್ತು ಮಾತ್ರೆ ಹೆಚ್ಚಿಗೆ ಉಳಿದಿವೆ. ಅಮ್ಮ ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ಅಮ್ಮನಿಗೆ ಎಚ್‌ಐವಿ ವಿಷಯ ಗೊತ್ತಿಲ್ಲ, ಈ ಮನೆಯಲ್ಲಿ ಗೊತ್ತಿರುವುದು ನನಗೊಬ್ಬಳಿಗೆ. ಮನೋವೈದ್ಯರೊಬ್ಬರಿಗೆ ತೋರಿಸಿದಾಗ ಖಿನ್ನತೆಗೆಂದು ಸರ್ಟ್ರಾಲಿನ್ 50 ಬರೆದುಕೊಟ್ಟರು. ಅವರಿಗೂ ಎಚ್‌ಐವಿ ಎಂದು ಹೇಳಲಿಲ್ಲ. ಮಾತ್ರೆ ತಂದಿಟ್ಟಿದ್ದೇವೆ, ಶುರು ಮಾಡಲು ಭಯ. ಇದು ಹಾಲಿಗೆ ಇಳಿಯುತ್ತದೆಯೇ? ಎಚ್‌ಐವಿ ಮಾತ್ರೆಯ ಜೊತೆ ಆಗಿಬರುತ್ತದೆಯೇ? ಅಥವಾ ಆ ಮಾತ್ರೆಯಿಂದಲೇ ಹೀಗಾಗಿದೆಯೇ? ಹಾಲು ಬಿಡಿಸಿಬಿಟ್ಟರೆ ಒಳ್ಳೆಯದೇ?

ಉತ್ತರ: ಡಬ್ಬಿ ತೆರೆದು ಎಣಿಸಿದಿರಲ್ಲ, ನಿಮ್ಮ ಇಡೀ ಪ್ರಶ್ನೆಯಲ್ಲಿ ಮಗುವಿನ ದೃಷ್ಟಿಯಿಂದ ಮುಖ್ಯವಾದದ್ದು ಅದೇ. ಅದಕ್ಕೆ ಬರುತ್ತೇನೆ. ಅದಕ್ಕಿಂತ ಮೊದಲು ಇವತ್ತು ಸಂಜೆಯೊಳಗೆ ಮಾಡಬೇಕಾದ ಕೆಲಸವೊಂದಿದೆ.

"ನಾನಿಲ್ಲದಿದ್ದರೆ ಅದು ಚೆನ್ನಾಗಿರುತ್ತೆ" ಎಂಬ ಮಾತನ್ನು ಬೇಜಾರಿನ ಮಾತು ಎಂದು ಬಿಡಬೇಡಿ. ಅಮ್ಮ ಪಕ್ಕದಲ್ಲಿ ಇಲ್ಲದ ಹೊತ್ತು ನೋಡಿ ನೇರವಾಗಿ ಕೇಳಿ: ಸಾಯಬೇಕು ಅನ್ನಿಸುತ್ತಿದೆಯಾ? ಹೇಗೆ ಅಂತ ಯೋಚಿಸಿದ್ದೀಯಾ? ಮಗುವಿಗೂ ಏನಾದರೂ ಮಾಡಬೇಕು ಅನ್ನಿಸಿದೆಯಾ? ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂದು ಬಹಳ ಜನ ಅಂಜುತ್ತಾರೆ. ಹಾಗಾಗುವುದಿಲ್ಲ. ಒಳಗೇ ಇಟ್ಟುಕೊಂಡದ್ದನ್ನು ಹೇಳಲು ಒಂದು ದಾರಿ ಸಿಗುತ್ತದೆ, ಅಷ್ಟೇ. ನಿಮ್ಮ ಕಡೆ ಟೊಮೆಟೊ ಬೆಳೆಯುವ ಮನೆಗಳಲ್ಲಿ ಸಿಂಪಡಿಸುವ ಔಷಧಿಯ ಬಾಟಲಿ ಹಿತ್ತಲಲ್ಲೋ ಅಟ್ಟದ ಮೇಲೋ ಇದ್ದೇ ಇರುತ್ತದೆ. ಅದನ್ನು ಇವತ್ತೇ ಮನೆಯಿಂದಾಚೆ ಸಾಗಿಸಿ, ಬೀಗ ಹಾಕಿದ ಜಾಗದಲ್ಲಿಡಿ. ಕಬ್ಬಿಣಾಂಶದ ಕೆಂಪು ಮಾತ್ರೆಯೂ ಒಟ್ಟಿಗೆ ನುಂಗಿದರೆ ವಿಷವೇ. ಆದ್ದರಿಂದ ಎಲ್ಲ ಮಾತ್ರೆಗಳೂ ನಿಮ್ಮ ಕೈಯಲ್ಲಿರಲಿ, ಅವಳಿಗೆ ದಿನದ್ದು ದಿನಕ್ಕೆ ಕೊಡಿ. ಹೇಗೆ, ಯಾವಾಗ ಎಂಬ ಯೋಚನೆ ಇದೆ ಎಂದು ಅವಳು ಹೇಳಿದರೆ ನಾಳೆಗೆಂದು ಕಾಯಬೇಡಿ. ಒಂಟಿಯಾಗಿ ಬಿಡದೆ, ಮಗುವನ್ನೂ ಕರೆದುಕೊಂಡು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ. ರಾತ್ರಿ ಎಷ್ಟು ಹೊತ್ತಾದರೂ 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ಇದು ಏನು ಎಂಬ ಮಾತು. ಹೆರಿಗೆಯಾದ ಮೂರನೇ ದಿನದ ಆಸುಪಾಸಿನಲ್ಲಿ ಸುಮ್ಮಸುಮ್ಮನೆ ಅಳು, ಸಿಡುಕು ಬರುವುದು ಬಹುಪಾಲು ಬಾಣಂತಿಯರಿಗೆ ಆಗುತ್ತದೆ, ಹತ್ತು ಹದಿನಾಲ್ಕು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಅದಕ್ಕೆ ಔಷಧಿ ಬೇಡ. ನಿಮ್ಮ ತಂಗಿಯದು ಒಂದು ತಿಂಗಳಿಂದ ಇದೆ, ಎಂಟನೇ ವಾರದಲ್ಲೂ ಇದೆ. ಮಗು ನಿದ್ದೆ ಮಾಡುತ್ತಿರುವಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ ಅದು ದಣಿವಲ್ಲ, ಏಕೆಂದರೆ ದಣಿದವಳು ತಲೆ ಇಟ್ಟ ಕೂಡಲೇ ಮಲಗುತ್ತಾಳೆ. ಬಾಣಂತಿಯರ ವಿಷಯದಲ್ಲಿ ಹಸಿವು, ಸುಸ್ತಿಗಿಂತ ಈ ಒಂದು ಲಕ್ಷಣವನ್ನು ನೆಚ್ಚಬಹುದು. ತೂಗಿ ನೋಡಲು ಎಡಿನ್‌ಬರೋ ಪ್ರಶ್ನಾವಳಿ ಎಂಬುದಿದೆ. ಕಳೆದ ಏಳು ದಿನಗಳ ಬಗ್ಗೆ 10 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 30. ಕನ್ನಡದಲ್ಲೂ ಇದೆ. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇರುವ ಸಂಭವ ಹೆಚ್ಚು. ಕೊನೆಯ ಪ್ರಶ್ನೆ ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅದರಲ್ಲಿ ಒಂದೇ ಅಂಕ ಬಂದರೂ ಮೊತ್ತ ಎಷ್ಟೆಂದು ನೋಡದೆ ವೈದ್ಯರ ಮುಂದೆ ಕೂರಿಸಬೇಕು.

ಇದೇ ಜಾಗದಲ್ಲಿ ಬಾಣಂತಿ ಸನ್ನಿಯ ಬಗ್ಗೆ ಎರಡು ಮಾತು. ಹಳ್ಳಿಯಲ್ಲಿ ಸನ್ನಿ ಎಂದು ಕರೆಯುವುದು ಬಹುಮಟ್ಟಿಗೆ ಹೆರಿಗೆಯ ನಂತರದ ತೀವ್ರ ಮನೋವಿಕಾರವನ್ನು. ಸಾವಿರ ಹೆರಿಗೆಗೆ ಒಂದೋ ಎರಡೋ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಎರಡು ಮೂರು ರಾತ್ರಿ ನಿದ್ದೆಯೇ ಇಲ್ಲದಿದ್ದರೂ ಸುಸ್ತಿಲ್ಲ, ಮಾತು ಎಲ್ಲಿಂದೆಲ್ಲಿಗೋ ಹೋಗುತ್ತದೆ, ಇಲ್ಲದ ದನಿ ಕೇಳಿಸುತ್ತದೆ, ಈ ಮಗು ನನ್ನದಲ್ಲ ಎನ್ನುತ್ತಾಳೆ, ಮನೆಯವರ ಮೇಲೇ ಅನುಮಾನ. ಜೊತೆಗೆ ಜ್ವರವಿದ್ದರೆ ಗರ್ಭಕೋಶದ ಸೋಂಕು, ಮೆದುಳಿನ ಸೋಂಕು ಇಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು. ಎಚ್‌ಐವಿ ಇರುವವರಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ನಿಮ್ಮ ವಿವರಣೆಯಲ್ಲಿ ಇವು ಯಾವುವೂ ಇಲ್ಲ. ಮುಂದೆ ಕಂಡರೆ ಅದೇ ದಿನ ಆಸ್ಪತ್ರೆ.

ಏಕೆ ಬಂತು? ಅಮ್ಮ ದೃಷ್ಟಿ ಅನ್ನುತ್ತಾರೆ, ನೀವು ಮಾತ್ರೆ ಇರಬಹುದೇ ಎನ್ನುತ್ತೀರಿ. ಒಂದೇ ಕಾರಣ ಹುಡುಕಿದರೆ ಸಿಗುವುದಿಲ್ಲ. ಹೆರಿಗೆಯಾದ ಕೂಡಲೇ ಹಾರ್ಮೋನುಗಳು ದಿಢೀರನೆ ಇಳಿಯುತ್ತವೆ, ನಿದ್ದೆ ತುಂಡಾಗುತ್ತದೆ. ಇದು ಎಲ್ಲ ಬಾಣಂತಿಯರಿಗೂ ಆಗುವಂಥದ್ದು. ರಕ್ತಹೀನತೆ, ಥೈರಾಯ್ಡ್ ಏರುಪೇರು, ಬಿ12 ಕೊರತೆ ಕೂಡ ಹೀಗೇ ಕಾಣುತ್ತವೆ. ಆದ್ದರಿಂದ ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮಾಡಿಸದೆ ಖಿನ್ನತೆಯೊಂದೇ ಎಂದು ತೀರ್ಮಾನಿಸುವುದು ಅವಸರ. ಇದೆಲ್ಲದರ ಮೇಲೆ ಎಚ್‌ಐವಿ ತರುವ ಹೊರೆಯೇ ಬೇರೆ. ಬೇರೆ ಹೆಣ್ಣುಮಕ್ಕಳಿಗೆ ಬಸಿರು ಸಂಭ್ರಮದ ಸುದ್ದಿಯಾದರೆ, ಇವಳಿಗೆ ಆ ಸುದ್ದಿಯ ಬೆನ್ನಿಗೇ ಇನ್ನೊಂದು ಬಂತು. ಅದನ್ನು ನುಂಗಿಕೊಳ್ಳಲು ಅವಳಿಗೆ ಸಿಕ್ಕಿದ್ದು ಆರೇ ತಿಂಗಳು. ಸೀಮಂತ, ತೊಟ್ಟಿಲು ಎಲ್ಲವೂ ಆ ಗುಟ್ಟಿನ ಮೇಲೆಯೇ ನಡೆದಿವೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಮನೆ ಒಡೆದಿದೆ: ಮೊದಲು ಯಾರಿಗೆ ಪತ್ತೆಯಾಯಿತೋ ಅವರೇ ಮನೆಗೆ ತಂದವರು ಎಂಬುದು. ಬಸುರಿಯರಿಗೆಲ್ಲ ಪರೀಕ್ಷೆ ಮಾಡುತ್ತಾರೆ, ಗಂಡಸರಿಗೆ ಹಾಗೆ ಮಾಡುವ ಸಂದರ್ಭವೇ ಬರುವುದಿಲ್ಲ. ಹಾಗಾಗಿ ಮನೆಯಲ್ಲಿ ಮೊದಲ ಪಾಸಿಟಿವ್ ಚೀಟಿ ಹೆಂಡತಿಯ ಹೆಸರಿನಲ್ಲೇ ಬರುತ್ತದೆ. ಸೋಂಕು ಯಾರಿಂದ ಯಾರಿಗೆ ಹೋಯಿತು ಎಂದು ಆ ಚೀಟಿ ಹೇಳುವುದಿಲ್ಲ. ಗಂಡನ ಮನೆಯಲ್ಲಿ ಈ ಮಾತು ಎದ್ದಿದೆಯೇ, ಹೊಡೆತ ಬಡಿತ ಇದೆಯೇ ಎಂದು ತಂಗಿಯನ್ನು ವಿಚಾರಿಸಿ. ಇದ್ದರೆ ಯಾವ ಮಾತ್ರೆ ಕೊಟ್ಟರೂ ಅರ್ಧ ಕೆಲಸವೇ ಆಗುವುದು. ಮಹಿಳಾ ಸಹಾಯವಾಣಿ 181ರ ನೆರವು ಪಡೆಯಿರಿ.

ಎಚ್‌ಐವಿ ಮಾತ್ರೆಯೇ ಕಾರಣವೇ ಎಂಬ ಅನುಮಾನ ಆಧಾರವಿಲ್ಲದ್ದಲ್ಲ. ಟಿಎಲ್‌ಡಿ ಬರುವ ಮೊದಲು ಕೊಡುತ್ತಿದ್ದ ಟಿಎಲ್‌ಇಯಲ್ಲಿ ಎಫಾವಿರೆಂಜ್ ಇತ್ತು. ಕೆಟ್ಟ ಕನಸು, ತಲೆಸುತ್ತು, ಖಿನ್ನತೆ, ಕೆಲವರಲ್ಲಿ ಸಾಯುವ ಯೋಚನೆಯನ್ನೂ ಅದು ತರುತ್ತಿತ್ತು. ಎಆರ್‌ಟಿ ಮಾತ್ರೆ, ಅಂದರೆ ಎಚ್‌ಐವಿ ಮಾತ್ರೆ, ತಲೆ ಕೆಡಿಸುತ್ತದೆ ಎಂಬ ಊರ ಮಾತು ಆ ಕಾಲದ್ದು. ಈಗಿನ ಟಿಎಲ್‌ಡಿಯಲ್ಲಿರುವುದು ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ಡೊಲುಟೆಗ್ರಾವಿರ್ ಕೆಲವರ ನಿದ್ದೆ ಕೆಡಿಸುತ್ತದೆ, ತಲೆನೋವು ತರುತ್ತದೆ, ಅಪರೂಪಕ್ಕೆ ಮನಸ್ಸು ಕುಗ್ಗಿಸುವುದೂ ಉಂಟು. ಆದರೆ ಅದು ಸಾಮಾನ್ಯವಾಗಿ ಮಾತ್ರೆ ಶುರುವಾದ ವಾರಗಳಲ್ಲೇ ಗೊತ್ತಾಗುತ್ತದೆ. ನಿಮ್ಮ ತಂಗಿ ಆರು ತಿಂಗಳು ತೊಂದರೆಯಿಲ್ಲದೆ ನುಂಗಿದ್ದಾಳೆ, ಮಂಕು ಕವಿದದ್ದು ಹೆರಿಗೆಯ ಮೇಲೆ. ರಾತ್ರಿ ನುಂಗುತ್ತಿದ್ದರೆ ಬೆಳಿಗ್ಗೆಗೆ ಬದಲಾಯಿಸಿ, ನಿದ್ದೆಗೆ ಅಷ್ಟರಮಟ್ಟಿಗೆ ಅನುಕೂಲ. ಹೇಗಾಗುತ್ತದೆ ನೋಡೋಣ ಎಂದು ನಿಲ್ಲಿಸುವುದು ಮಾತ್ರ ಬೇಡ.

ಈಗ ಆ ಹತ್ತು ಮಾತ್ರೆಗೆ ಬರೋಣ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಬಸಿರು, ಹೆರಿಗೆ, ಹಾಲು ಮೂರೂ ಸೇರಿ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಚಿಕಿತ್ಸೆ ಸರಿಯಾಗಿ ನಡೆದರೆ 5ಕ್ಕಿಂತ ಕೆಳಗೆ. ಎಂಟನೇ ತಿಂಗಳಲ್ಲಿ ವೈರಸ್ ಕಾಣದಿದ್ದ ತಾಯಿಯ ಮಗುವಿಗೆ ಅಪಾಯ ಅದಕ್ಕಿಂತಲೂ ಕಡಿಮೆ. ಈ ಲೆಕ್ಕ ನಿಂತಿರುವುದು ತಾಯಿ ಹಾಲು ಕೊಡುವಷ್ಟು ಕಾಲವೂ ದಿನಾ ಮಾತ್ರೆ ನುಂಗುತ್ತಾಳೆ ಎಂಬುದರ ಮೇಲೆ. ಮಗುವಿನ ಸಿರಪ್ ಆರನೇ ವಾರಕ್ಕೆ ನಿಂತಿದೆ. ಅಲ್ಲಿಂದಾಚೆ ಮಗುವಿಗಿರುವ ಕಾವಲು ಅಮ್ಮನ ಮಾತ್ರೆಯೊಂದೇ. ಖಿನ್ನತೆ ಹೊಕ್ಕಿದ್ದು ಸರಿಯಾಗಿ ಆ ಜಾಗಕ್ಕೆ. ಏನೂ ಬೇಡ ಅನ್ನಿಸಿದಾಗ ಮೊದಲು ಬಿಟ್ಟುಹೋಗುವುದೇ ದಿನದ ಮಾತ್ರೆ. ಸರ್ಟ್ರಾಲಿನ್‌ನಿಂದ ಮಗುವಿಗೆ ಏನಾದರೂ ಆದೀತೇ ಎಂದು ನೀವು ಹೆದರಿದ್ದೀರಿ. ಹೆದರಬೇಕಾದ್ದು ಆ ಉಳಿದ ಹತ್ತಕ್ಕೆ. ಖಿನ್ನತೆಗೆ ಕೊಡುವ ಚಿಕಿತ್ಸೆಯನ್ನು ಮಗುವಿಗೆ ಎಚ್‌ಐವಿ ತಗಲದಂತೆ ಕೊಡುವ ಚಿಕಿತ್ಸೆಯೆಂದೇ ತಿಳಿಯಿರಿ.

ಹಾಗಾಗಿ ಈ ವಾರವೇ ಎಆರ್‌ಟಿ ಕೇಂದ್ರಕ್ಕೆ ಹೋಗಿ ಉಳಿದ ಮಾತ್ರೆಯ ಲೆಕ್ಕವನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ಬೈಯುತ್ತಾರೆಂದು ಉಳಿದದ್ದನ್ನು ಎಸೆದು ಖಾಲಿ ಡಬ್ಬಿ ತೋರಿಸುವವರಿದ್ದಾರೆ. ಹಾಗೆ ಮಾಡಿದರೆ ವೈದ್ಯರು ಎಲ್ಲ ಸರಿಯಿದೆ ಎಂದುಕೊಂಡು ಮಗುವನ್ನು ಕಡಿಮೆ ಅಪಾಯದ ಗುಂಪಿನಲ್ಲೇ ಇಟ್ಟುಬಿಡುತ್ತಾರೆ. ನಿಜ ಹೇಳಿದರೆ ತಾಯಿಯ ವೈರಲ್ ಲೋಡ್ ಮತ್ತೆ ನೋಡುತ್ತಾರೆ. ಅದು ಏರಿದ್ದರೆ ಮಗುವಿಗೆ ಔಷಧಿ ಮತ್ತೆ ಶುರು ಮಾಡಬೇಕೇ, ಒಂದೋ ಎರಡೋ, ಎಷ್ಟು ವಾರ ಎಂದು ತೀರ್ಮಾನಿಸುತ್ತಾರೆ. ಅಪಾಯ ಹೆಚ್ಚಿರುವ, ಎದೆಹಾಲು ಕುಡಿಯುವ ಮಗುವಿಗೆ ನೆವಿರಪಿನ್ ಮತ್ತು ಜಿಡೊವುಡಿನ್ ಎರಡನ್ನೂ 12 ವಾರದವರೆಗೆ ಕೊಡುವ ಕ್ರಮವಿದೆ. ಇದನ್ನು ಮನೆಯಲ್ಲಿ ಉಳಿದ ಸಿರಪ್ಪಿನಿಂದ ನೀವೇ ಮಾಡಲು ಹೋಗಬೇಡಿ, ಡೋಸು ತೂಕದ ಮೇಲಿದೆ. ಅಲ್ಲಿಯವರೆಗೆ ತಂಗಿ ಒಂದು ದಿನವೂ ತಪ್ಪಿಸದೆ ನುಂಗಲಿ. ಬೆಳಿಗ್ಗೆ ಮರೆತರೆ ಅದೇ ದಿನ ನೆನಪಾದಾಗ ನುಂಗಲಿ. ನಿನ್ನೆಯದನ್ನು ಸೇರಿಸಿ ಎರಡು ನುಂಗುವುದು ಬೇಡ.

ಮಾತ್ರೆ ತಪ್ಪಿದ್ದು ಮನಸ್ಸಿಲ್ಲದೆ ಒಂದೇ ಅಲ್ಲದಿರಬಹುದು. ತವರಿಗೆ ಬಂದ ಬಾಣಂತಿಯ ಎಆರ್‌ಟಿ ಕೇಂದ್ರ ಗಂಡನೂರಿನ ಕಡೆ ಇರುತ್ತದೆ, ತಂದುಕೊಡಬೇಕಾದ ಗಂಡ ತಡ ಮಾಡುತ್ತಾನೆ, ಮುಗಿದೀತೆಂದು ಇವಳು ದಿನ ಬಿಟ್ಟು ದಿನ ನುಂಗುತ್ತಾಳೆ. ಎಆರ್‌ಟಿ ಕೇಂದ್ರ ಕೊಟ್ಟಿರುವ ಹಸಿರು ಪುಸ್ತಕ ತೋರಿಸಿದರೆ ಕೋಲಾರದ ಕೇಂದ್ರದಲ್ಲೇ ತಾತ್ಕಾಲಿಕವಾಗಿ ಮಾತ್ರೆ ಪಡೆಯಬಹುದು. ಇನ್ನೊಂದು ಅಡ್ಡಿ ಮನೆ ತುಂಬ ಜನ. ಬಾಣಂತಿ ಕೋಣೆಗೆ ಯಾರೋ ಒಬ್ಬರು ಬಂದು ಹೋಗುತ್ತಲೇ ಇರುತ್ತಾರೆ. ಡಬ್ಬಿ ಎತ್ತಿದರೆ ಮಾತ್ರೆ ಗಲಗಲ ಅನ್ನುತ್ತದೆ, ಏನದು ಎಂಬ ಪ್ರಶ್ನೆ ಏಳುತ್ತದೆ. ಡಬ್ಬಿಯ ಲೇಬಲ್ ಕಿತ್ತುಬಿಡಿ, ಒಳಗೆ ಸ್ವಲ್ಪ ಹತ್ತಿ ತುರುಕಿ, ತೇವ ಹೀರುವ ಆ ಚಿಕ್ಕ ಪೊಟ್ಟಣವನ್ನು ಮಾತ್ರ ತೆಗೆಯಬೇಡಿ. ಬಿಡಿಬಿಡಿಯಾಗಿ ಕಾಗದದಲ್ಲಿ ಕಟ್ಟಿಟ್ಟರೆ ಮಾತ್ರೆ ತೇವ ಹಿಡಿದು ಕೆಡುತ್ತದೆ.

ಬಾಣಂತಿಯರಿಗೆ ಕಬ್ಬಿಣಾಂಶ, ಸುಣ್ಣದ ಅಂಶದ ಮಾತ್ರೆಗಳನ್ನೂ ಕೊಟ್ಟಿರುತ್ತಾರೆ. ಇವೆರಡೂ ಖಾಲಿ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆ ಸೇರಿದರೆ ಅದಕ್ಕೆ ಅಂಟಿಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಗ್ಯಾಸಿಗೆ ಕುಡಿಯುವ ಆಂಟಾಸಿಡ್ ಸಿರಪ್ ಕೂಡ ಹೀಗೇ. ಟಿಎಲ್‌ಡಿ ನುಂಗಿ ಎರಡು ಗಂಟೆಯಾದ ಮೇಲೆ ಇವನ್ನು ತೆಗೆದುಕೊಳ್ಳಬಹುದು. ಇವನ್ನು ಮೊದಲು ನುಂಗಿದರೆ ಟಿಎಲ್‌ಡಿಗೆ ಆರು ಗಂಟೆ ಕಾಯಬೇಕು. ನೆನಪಿಗೆ ಸುಲಭವಾಗಲೆಂದು ಹೀಗೆ ಇಟ್ಟುಕೊಳ್ಳಿ: ಬೆಳಿಗ್ಗೆ ಏಳಕ್ಕೆ ಟಿಎಲ್‌ಡಿ, ಹತ್ತಕ್ಕೆ ಕ್ಯಾಲ್ಸಿಯಂ, ಮಧ್ಯಾಹ್ನ ಊಟವಾದ ಮೇಲೆ ಎರಡಕ್ಕೆ ಕಬ್ಬಿಣದ ಮಾತ್ರೆ, ರಾತ್ರಿ ಊಟದ ಮೇಲೆ ಇನ್ನೊಂದು ಕ್ಯಾಲ್ಸಿಯಂ. ರಾಗಿ ಮುದ್ದೆಗೂ ಟಿಎಲ್‌ಡಿಗೂ ಜಗಳವಿಲ್ಲ.

ಇನ್ನು ಸರ್ಟ್ರಾಲಿನ್. ಹಾಲಿಗೆ ಇಳಿಯುತ್ತದೆ, ಆದರೆ ಬಹಳ ಕಡಿಮೆ. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ ತಾಯಿಯ ಡೋಸಿನ ಶೇ 3ರಷ್ಟೂ ಮಗುವಿಗೆ ಹೋಗುವುದಿಲ್ಲ. ಶೇ 10ರೊಳಗಿದ್ದರೆ ಸಾಮಾನ್ಯವಾಗಿ ಒಪ್ಪಿಗೆ. ಬಾಣಂತಿಯರಿಗೆ ಮನೋವೈದ್ಯರು ಮೊದಲು ಇದನ್ನೇ ಆರಿಸುವುದು ಈ ಕಾರಣಕ್ಕೆ. ಇದೇ ಬಗೆಯ ಇನ್ನೊಂದು ಮಾತ್ರೆ ಫ್ಲುಯಾಕ್ಸೆಟಿನ್ ಮೈಯಲ್ಲಿ ಬಹಳ ದಿನ ಉಳಿಯುತ್ತದೆ, ಹಾಲಿಗೂ ಹೆಚ್ಚು ಇಳಿಯುತ್ತದೆ, ಅದು ಹಿಂದಿನ ಸಾಲಿಗೆ. ಮಗು ಮೊದಲಿನಂತೆ ಹಾಲು ಕುಡಿಯುತ್ತಿದೆಯೇ, ತೂಕ ಏರುತ್ತಿದೆಯೇ, ಎಬ್ಬಿಸಿದರೂ ಏಳದಷ್ಟು ಮಂಪರಿದೆಯೇ, ಇಷ್ಟು ಗಮನಿಸಿ. ಡೊಲುಟೆಗ್ರಾವಿರ್ ಜೊತೆ ಸರ್ಟ್ರಾಲಿನ್‌ಗೆ ಗಣನೀಯ ಘರ್ಷಣೆಯಿಲ್ಲ, ಎರಡನ್ನೂ ಬೆಳಿಗ್ಗೆ ಒಟ್ಟಿಗೆ ನುಂಗಬಹುದು. ಎಫಾವಿರೆಂಜ್ ಮೇಲಿರುವವರಲ್ಲಿ ಸರ್ಟ್ರಾಲಿನ್ ಮಟ್ಟ ಇಳಿಯುತ್ತದೆ, ಡೋಸು ಏರಿಸಬೇಕಾಗಬಹುದು. ರಿಟೊನಾವಿರ್ ಸೇರಿದ ಎರಡನೇ ಹಂತದ ಔಷಧಿಯವರಲ್ಲಿ ಕೆಲವು ಹಳೆಯ ಖಿನ್ನತೆ ಮಾತ್ರೆಗಳ ಮಟ್ಟ ಏರುತ್ತದೆ. ಮನೋವೈದ್ಯರಿಗೆ ಎಚ್‌ಐವಿ ವಿಷಯ ಹೇಳಲೇಬೇಕು ಎನ್ನುವುದು ಇದಕ್ಕಾಗಿ. ಇವತ್ತಿನ ಮಾತ್ರೆ ಸರಿಹೊಂದಿದೆ, ನಾಳೆ ಅವರು ಮೂರ್ಛೆಗೂ ಮನಸ್ಸಿನ ಏರಿಳಿತಕ್ಕೂ ಕೊಡುವ ಕಾರ್ಬಮಜೆಪಿನ್ ಬರೆದರೆ ಅದು ಡೊಲುಟೆಗ್ರಾವಿರ್ ಅನ್ನು ಇಳಿಸಿಬಿಡುತ್ತದೆ. ಗೊತ್ತಿಲ್ಲದವರು ಅದನ್ನು ಊಹಿಸಲಾರರು. ಔಷಧಿ ಅಂಗಡಿಯವರಿಗೆ ಹೇಳುವ ಅಗತ್ಯವಿಲ್ಲ.

ಶುರು ಮಾಡುವ ರೀತಿ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲ ವಾರ ಅರ್ಧ ಮಾತ್ರೆ, ಅಂದರೆ 25 ಮಿಲಿಗ್ರಾಂ, ತಿಂಡಿಯ ಜೊತೆ. ಆಮೇಲೆ 50. ನಿಮ್ಮ ವೈದ್ಯರು ಹೇಗೆ ಹೇಳಿದ್ದಾರೋ ಹಾಗೆ ಮಾಡಿ, ಅರ್ಧದಿಂದ ಶುರು ಮಾಡಬಹುದೇ ಎಂದು ಕೇಳಿಕೊಳ್ಳಿ. ಮೊದಲ ವಾರ ವಾಕರಿಕೆ, ತೆಳು ಭೇದಿ, ತಲೆನೋವು ಬರಬಹುದು. ಹತ್ತು ದಿನದೊಳಗೆ ಬಹುಮಟ್ಟಿಗೆ ಕಡಿಮೆಯಾಗುತ್ತವೆ. ಒಂದು ಎಚ್ಚರ: 25ರೊಳಗಿನ ಪ್ರಾಯದವರಲ್ಲಿ ಈ ಮಾತ್ರೆಗಳ ಮೊದಲ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚುವ ಸಂಭವವಿದೆ. ನಿಮ್ಮ ತಂಗಿಗೆ 24. ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ಯಾರಾದರೂ ಅವಳೊಡನೆ ಕೂತು ಕೇಳಬೇಕು, ವೈದ್ಯರಿಗೆ ಎರಡು ವಾರದಲ್ಲೇ ಮತ್ತೆ ತೋರಿಸಬೇಕು. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವಾಗಿ, ಅತಿ ಉತ್ಸಾಹ, ಕೈಮೀರಿದ ಖರ್ಚು, ನಿಲ್ಲದ ಮಾತು ಇದ್ದದ್ದುಂಟೇ? ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಇದೆಯೇ? ಇದ್ದರೆ ಮಾತ್ರೆ ಶುರು ಮಾಡುವ ಮೊದಲೇ ಹೇಳಿ. ಅಂಥವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದು.

ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಬಹುತೇಕರು ಎಡವುವುದು ಎರಡು ಕಡೆ. ಮೂರನೇ ವಾರಕ್ಕೆ ಏನೂ ಪ್ರಯೋಜನವಿಲ್ಲ ಎಂದು ಬಿಡುವವರು ಒಂದಷ್ಟು. ಎರಡನೇ ತಿಂಗಳಿಗೆ ಚೆನ್ನಾಗಾದಳು, ಇನ್ನೇಕೆ ಎಂದು ಬಿಡುವವರು ಇನ್ನಷ್ಟು, ಅವರಲ್ಲಿ ಕಾಯಿಲೆ ಮರುಕಳಿಸುತ್ತದೆ. ಪೂರ್ತಿ ಸರಿಹೋದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸಿ ನಿಲ್ಲಿಸಬೇಕು. ಇದು ಚಟ ಹಿಡಿಸುವ ಮಾತ್ರೆಯಲ್ಲ. ಚಟ ಹಿಡಿಸುವುದು, ಮಗುವಿಗೂ ಮಂಪರು ತರುವುದು ಅಂಗಡಿಯಲ್ಲಿ ಕೇಳಿ ತರುವ ಆಲ್‌ಪ್ರಜೊಲಾಮ್‌ನಂಥ ನಿದ್ದೆ ಮಾತ್ರೆ. ಅದರ ಗೊಡವೆ ಬೇಡ.

ಮಾತ್ರೆಯಷ್ಟೇ ಸಾಕೇ? ಸಾಲದು. ಹೋದ ನಿದ್ದೆಯನ್ನು ಮನೆಯವರು ವಾಪಸು ತಂದುಕೊಡಬೇಕು. ರಾತ್ರಿ ಒಂಬತ್ತಕ್ಕೆ ಹಾಲು ಕೊಟ್ಟು ಅವಳು ಬೇರೆ ಕೋಣೆಯಲ್ಲಿ ಮಲಗಲಿ, ಮಗು ನಿಮ್ಮ ಅಥವಾ ಅಮ್ಮನ ಪಕ್ಕದಲ್ಲಿರಲಿ. ಎರಡು ಗಂಟೆಯ ಹೊತ್ತಿಗೆ ಎಬ್ಬಿಸಿ. ನಡುವೆ ಮಗು ಹಸಿದರೆ ಹಿಂಡಿಟ್ಟ ತಾಯಿಯ ಹಾಲನ್ನೇ ಚಮಚದಲ್ಲಿ ಕೊಡಬಹುದು. ಒಂದೇ ಪಟ್ಟಿನ ನಾಲ್ಕೈದು ಗಂಟೆಯ ನಿದ್ದೆ ಕೊಡುವಷ್ಟು ಆರಾಮವನ್ನು ತುಂಡು ತುಂಡಾದ ಎಂಟು ಗಂಟೆ ಕೊಡದು. ನಮ್ಮ ಬಾಣಂತನದಲ್ಲಿ ಎಣ್ಣೆ ನೀರು, ಬಿಸಿ ಊಟ, ಕೆಲಸಕ್ಕೆ ಬಿಡದಿರುವುದು ಎಲ್ಲ ಒಳ್ಳೆಯದೇ. ಕಿಟಕಿ ಮುಚ್ಚಿದ ಕತ್ತಲ ಕೋಣೆ, ಎರಡು ಲೋಟಕ್ಕೆ ಮಿತಿ ಹಾಕಿದ ನೀರು ಮಾತ್ರ ಮನಸ್ಸಿಗೂ ಹಾಲಿಗೂ ಕೇಡು. ಬೆಳಗಿನ ಬಿಸಿಲಿಗೆ ಹತ್ತು ನಿಮಿಷ ಜಗಲಿಗೆ ಬಂದು ಕೂರಲಿ. ಮಗುವನ್ನು ಮುದ್ದಾಡು ಎಂದು ಒತ್ತಾಯಿಸಬೇಡಿ. ಆ ಪ್ರೀತಿ ಒಳಗಿಂದ ಬರುತ್ತಿಲ್ಲವಲ್ಲ ಎಂಬುದೇ ಅವಳನ್ನು ತಿನ್ನುತ್ತಿರುತ್ತದೆ. ನೀವು ಮಗುವಿಗೆ ಎಣ್ಣೆ ಹಚ್ಚುವಾಗ ಕಾಲಿಗೆ ಮಾತ್ರ ಹಚ್ಚಲು ಅವಳನ್ನು ಕರೆಯಿರಿ. ಮೊದಲ ದಿನಕ್ಕೆ ಅಷ್ಟು ಸಾಕು. ಹೀಗೆ ಸಣ್ಣ ಸಣ್ಣ ಕೆಲಸದಿಂದ ಮನಸ್ಸನ್ನು ಎತ್ತುವುದು, "ನನ್ನಿಂದಲೇ ಬಂತು" ಎಂಬ ಯೋಚನೆಯನ್ನು ಹಿಡಿದು ಪರೀಕ್ಷಿಸುವುದು ಆಪ್ತಸಮಾಲೋಚನೆಯ ಮುಖ್ಯ ಕೆಲಸ. ಖಿನ್ನತೆ ಹಗುರವಾಗಿದ್ದರೆ ಅದೊಂದೇ ಸಾಕಾಗುತ್ತದೆ. ನಿಮ್ಮ ತಂಗಿಯದು ಆ ಹಂತ ದಾಟಿದೆ, ಎರಡೂ ಬೇಕು.

ಹಾಲು ಬಿಡಿಸುವ ಮಾತು. ಈಗ ಅವಸರದಲ್ಲಿ ಬೇಡ. ಅರ್ಧ ಎದೆಹಾಲು ಅರ್ಧ ಡಬ್ಬದ ಹಾಲು ಎಂಬುದು ಎಲ್ಲಕ್ಕಿಂತ ಕೆಟ್ಟದ್ದು. ಹೊರಗಿನದು ಮಗುವಿನ ಕರುಳಿನ ಒಳಪದರವನ್ನು ಕೆರಳಿಸುತ್ತದೆ, ಅಲ್ಲಿಂದ ವೈರಸ್ ಒಳಹೊಗಲು ದಾರಿಯಾಗುತ್ತದೆ. ಬಜೆ, ಜಾಯಿಕಾಯಿ ತೇದು ನೆಕ್ಕಿಸುವುದು, ಜೇನುತುಪ್ಪ, ಸಕ್ಕರೆ ನೀರು ಕೂಡ ಇದೇ ಲೆಕ್ಕಕ್ಕೆ ಬರುತ್ತವೆ. ಅಮ್ಮನಿಗೆ ಕಾರಣ ಹೇಳಬೇಕಿಲ್ಲ, "ಆರು ತಿಂಗಳು ತಾಯಿಯ ಹಾಲು ಬಿಟ್ಟು ಏನೂ ಕೊಡಬಾರದೆಂದು ಡಾಕ್ಟರು ಹೇಳಿದ್ದಾರೆ" ಎಂದರೆ ಸಾಕು, ಎಲ್ಲ ಮಕ್ಕಳಿಗೂ ಹೇಳುವ ಮಾತೇ ಅದು. ಪೂರ್ತಿ ಡಬ್ಬದ ಹಾಲಿಗೆ ಹೋಗುವುದೂ ಒಂದು ಆಯ್ಕೆಯೇ, ತಪ್ಪಲ್ಲ. ಪ್ರತಿ ಸಲ ಹಾಲು ಕೊಡುವಾಗಲೂ ವಿಷ ಕೊಡುತ್ತಿದ್ದೇನೆಂದು ನಡುಗುವ ತಾಯಿಗೆ, ವೈರಲ್ ಲೋಡ್ ಏರಿರುವ ತಾಯಿಗೆ ವೈದ್ಯರೇ ಅದನ್ನು ಸೂಚಿಸಬಹುದು. ಆದರೆ ಎರಡು ತಿಂಗಳ ಮಗುವಿಗೆ 400 ಗ್ರಾಂ ಡಬ್ಬ ಹೆಚ್ಚೆಂದರೆ ನಾಲ್ಕೈದು ದಿನ. ಕುದಿಸಿದ ಶುದ್ಧ ನೀರು ಪ್ರತಿ ಸಲವೂ ಬೇಕು, ನಿಮ್ಮ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಬೇರೆ, ಕುದಿಸಿದರೆ ಅದು ಹೋಗುವುದಿಲ್ಲ. ಪುಡಿ ಮುಗಿಯಿತೆಂದು ನೀರು ಹೆಚ್ಚು ಮಾಡಿದರೆ ಮಗು ಸೊರಗುತ್ತದೆ. ಹಾಲು ಏಕೆ ಬಿಡಿಸಿದಿರಿ ಎಂಬ ನೆರೆಹೊರೆಯ ಪ್ರಶ್ನೆಗೂ ತಂಗಿ ಉತ್ತರ ಹುಡುಕಬೇಕು. ವೈರಲ್ ಲೋಡ್ ಬಂದ ಮೇಲೆ ಎಆರ್‌ಟಿ ವೈದ್ಯರೊಡನೆ ಕೂತು, ತಂಗಿಯ ಇಷ್ಟ ಕೇಳಿ ನಿರ್ಧರಿಸಿ.

ಬಸುರಿಯಾಗಿದ್ದಾಗಲೇ ಖಿನ್ನತೆ ಕಂಡವರೂ ಇದನ್ನು ಓದುತ್ತಿರಬಹುದು, ಅವರಿಗೆ ಚಿಕ್ಕದಾಗಿ. ಖಿನ್ನತೆಯ ಮಾತ್ರೆ ನುಂಗುತ್ತಿರುವಾಗ ಬಸುರಿಯಾದರೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿ. ಕೊನೆಯ ತಿಂಗಳುಗಳಲ್ಲಿ ನುಂಗಿದವರ ನೂರು ಮಕ್ಕಳಲ್ಲಿ ಸುಮಾರು 30ಕ್ಕೆ ಹುಟ್ಟಿದ ಮೇಲೆ ಕೆಲವು ದಿನ ನಡುಕ, ಅಳು, ಹಾಲು ಸರಿಯಾಗಿ ಹಿಡಿಯದಿರುವುದು ಕಾಣಬಹುದು. ಬಹುಮಟ್ಟಿಗೆ ತಾನೇ ಹೋಗುತ್ತದೆ. ಮಗುವಿನ ಶ್ವಾಸಕೋಶದ ರಕ್ತದೊತ್ತಡದ ಒಂದು ಗಂಭೀರ ತೊಂದರೆ ಸಾವಿರಕ್ಕೆ ಎರಡಿದ್ದದ್ದು ಸುಮಾರು ಮೂರಾಗುತ್ತದೆ. ಇವನ್ನು ಚಿಕಿತ್ಸೆಯಿಲ್ಲದ ಖಿನ್ನತೆಯ ಎದುರು ತೂಗಬೇಕು. ಖಿನ್ನತೆಯ ಮಾತ್ರೆಗಳಲ್ಲಿ ಪ್ಯಾರಾಕ್ಸೆಟಿನ್ ಹೊಸದಾಗಿ ಶುರು ಮಾಡುವುದು ಬೇಡ. ಮೂರ್ಛೆಗೆ, ಬೈಪೋಲಾರ್‌ಗೆ ಕೊಡುವ ವ್ಯಾಲ್‌ಪ್ರೊಯೇಟ್ ಅಂತೂ ಬಸಿರಿನ ಹತ್ತಿರಕ್ಕೂ ಬರಬಾರದು.

ಎಲ್ಲಿಗೆ ಹೋಗುವುದು ಎಂದರೆ, ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರಿಂದ ಶುರು ಮಾಡಿ, ಅವರಿಗೆ ಎಚ್‌ಐವಿ ವಿಷಯ ಮೊದಲೇ ಗೊತ್ತಿರುವುದರಿಂದ ಹೊಸದಾಗಿ ಬಾಯಿಬಿಡುವ ಕಷ್ಟವಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಮಂಗಳವಾರದ ಕ್ಲಿನಿಕ್ ನಡೆಯುತ್ತದೆ, ನಿಮ್ಮಲ್ಲಿ ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ. ದಾಖಲಾಗುವಷ್ಟು ತೀವ್ರವಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೆ ಇರುವ ವಾರ್ಡು 2009ರಿಂದ ಇದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯ ಹೆಸರಿನಲ್ಲಿ ತಾಯಿಯಿಂದ ಸುಮ್ಮನೆ ಬೇರ್ಪಡಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಅಮ್ಮನಿಗೆ ಹೇಳಬೇಕೇ ಎಂದು ನೀವು ಕೇಳಿಲ್ಲ, ಆದರೆ ಬರೆದ ರೀತಿಯಲ್ಲಿ ಆ ಭಾರ ಕಾಣುತ್ತದೆ. ಎಚ್‌ಐವಿ ವಿಷಯ ಹೇಳುವ ಬಿಡುವ ಹಕ್ಕು ತಂಗಿಯದು, ಒಳ್ಳೆಯದಕ್ಕೇ ಆದರೂ ನಿಮ್ಮದಲ್ಲ. ಒಪ್ಪಿಗೆಯಿಲ್ಲದೆ ಇದನ್ನು ಹೊರಗೆಡಹುವಂತಿಲ್ಲ ಎಂದು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ಹೇಳುತ್ತದೆ, ಆಸ್ಪತ್ರೆಯವರಿಗೂ ಅದು ಅನ್ವಯ. ಖಿನ್ನತೆಯ ವಿಷಯವನ್ನಾದರೋ ಅಮ್ಮನಿಗೆ ಬಿಡಿಸಿ ಹೇಳಬಹುದು, ಹೇಳಲೇಬೇಕು. "ಹೆರಿಗೆಯಾದ ಮೇಲೆ ಕೆಲವರಿಗೆ ಹೀಗಾಗುತ್ತಮ್ಮ, ಮಾತ್ರೆಗೆ ಹೋಗುತ್ತೆ" ಎಂದರೆ ಅವರಿಗೆ ಅರ್ಥವಾಗುತ್ತದೆ. ತಾಯತ ಇರಲಿ ಬಿಡಿ, ಅದು ಮಾತ್ರೆಗೆ ಅಡ್ಡ ಬರುವುದಿಲ್ಲ. ಆದರೆ ಖಿನ್ನತೆಗೆಂದು ಯಾರಾದರೂ ಕೊಡುವ ಬೇರು, ಪುಡಿ, ಲೇಹ್ಯ ಎಆರ್‌ಟಿ ವೈದ್ಯರಿಗೆ ತೋರಿಸದೆ ಬೇಡ.

ಉಳಿದದ್ದು ಮಗುವಿನ ಫಲಿತಾಂಶ. ಆರು ವಾರಕ್ಕೆ ತೆಗೆದ ರಕ್ತದ ಹನಿಯ ವರದಿ ಬರಲು ಕೆಲವು ವಾರ ಹಿಡಿಯಬಹುದು. ಇನ್ನೂ ಬಂದಿಲ್ಲ ಎಂದರೆ ಕೆಟ್ಟ ಸುದ್ದಿ ಎಂದಲ್ಲ. ಈ ಮಾತನ್ನು ತಂಗಿಗೆ ದಿನಾ ಹೇಳಬೇಕಾದೀತು. 6 ತಿಂಗಳು, 12 ತಿಂಗಳು, 18 ತಿಂಗಳಿಗೆ ಮತ್ತೆ ಪರೀಕ್ಷೆಗಳಿವೆ. ವರದಿ ತರಲು ಅವಳನ್ನು ಒಬ್ಬಳನ್ನೇ ಕಳಿಸಬೇಡಿ, ಫೋನಿನಲ್ಲಿ ಹೇಳಿಸಿಕೊಳ್ಳುವುದೂ ಬೇಡ. ನೆಗೆಟಿವ್ ಬಂದರೆ ಅವತ್ತು ಅವಳು ನಗಬಹುದು, ಹಾಗೆಂದು ಸರ್ಟ್ರಾಲಿನ್ ನಿಲ್ಲಿಸಬೇಡಿ, ಟಿಎಲ್‌ಡಿ ಎಣಿಸುವುದನ್ನೂ ಬಿಡಬೇಡಿ. ಪಾಸಿಟಿವ್ ಬಂದರೆ ಮಗುವಿಗೆ ತಡಮಾಡದೆ ಎಆರ್‌ಟಿ ಶುರುವಾಗುತ್ತದೆ, ಬೇಗ ಶುರುವಾದ ಮಕ್ಕಳು ಬೆಳೆಯುತ್ತಾರೆ, ಶಾಲೆಗೆ ಹೋಗುತ್ತಾರೆ. ಆ ರಾತ್ರಿ ಮಾತ್ರ ನೀವು ಅವಳ ಪಕ್ಕದಲ್ಲೇ ಮಲಗಿ.